ತೋಳದ ಬೀಜ

ಸಿರ್ಸಿ
ತಾ. 4-3-1961

ಚಿ. ಸೌ. ಶಾರದೆಗೆ ಅವ್ವನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಶುರು ಮಾಡಬೇಕು, ನನಗೂ ಗೊತ್ತು. ಆದರೆ ಈ ಓಣಿಯ ಜನರ ಕ್ಷೇಮ ಬರೆಯುವಷ್ಟು ಒಳ್ಳೆಯ ಮನಸ್ಸು ಇವತ್ತು ನನಗಿಲ್ಲ. ಬೇರೆಯವರ ಬಾಯಿಂದ ನೀನು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೋಳಿಯ ಹಿಂದಿನ ದಿನ ನಮ್ಮ ನಾಯಿ ಮೇಜರ್, ಎದುರು ಅಂಗಡಿಯ ಟೇಲರ್ ಶಾಂತಾರಾಮನ ಕೈ ಕಚ್ಚಿದ.

ಈ ಸಲ ನಮ್ಮ ಓಣಿಯಿಂದ ಬೇಡರ ವೇಷ ಕಟ್ಟಿದವನು ಶಾಂತಾರಾಮ. ನೀನು ಚಿಕ್ಕವಳಿದ್ದಾಗ ಬೇಡ ಬಂದ ಎಂದರೆ ಹಿತ್ತಲಿಗೆ ಓಡುತ್ತಿದ್ದೆಯಲ್ಲ, ಅದೇ ವೇಷ. ಮುಖಕ್ಕೆ ಕೆಂಪು ಬಣ್ಣ, ಹತ್ತಿಯ ದೊಡ್ಡ ಮೀಸೆ, ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ. ಆರ್ಭಟ ಹೆಚ್ಚಾಗಿ ಜನರ ಮೇಲೆ ಬೀಳಬಾರದು ಎಂದು ಸೊಂಟಕ್ಕೆ ಹಗ್ಗ ಕಟ್ಟಿ ಹಿಂದಿನಿಂದ ಇಬ್ಬರು ಎಳೆದು ಹಿಡಿದಿದ್ದರು. ದೀಪ ಹಚ್ಚುವ ಹೊತ್ತಿಗೆ ತಮಟೆಯವರೊಂದಿಗೆ ನಮ್ಮ ಖಾನಾವಳಿಯ ಮುಂದೆ ಬಂದ. ಮೇಜರನನ್ನು ಪಡಸಾಲೆಯ ಕಂಬಕ್ಕೆ ಕಟ್ಟಿದ್ದೆ. ಅವನನ್ನು ನೋಡಿ ಶಾಂತಾರಾಮ ದೂರದಲ್ಲೇ ನಿಂತ. ನಾನೇ ಕರೆದೆ. “ಬಾರೋ ತಮ್ಮಾ, ನಮ್ಮ ಬಾಗಿಲಾಗೂ ಒಂದಿಷ್ಟು ಕುಣಿ. ನಿನ್ನ ಕೈಯಾನ ರೊಟ್ಟಿ ತಿಂದಾವ ಅಂವ, ಏನೂ ಮಾಡಂಗಿಲ್ಲ” ಎಂದೆ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಶಾಂತಾರಾಮ ಅವನಿಗೆ ಒಂದು ತುಂಡು ರೊಟ್ಟಿ ಕೊಡದೆ ಹೋದವನಲ್ಲ.

ಆದರೆ ಬಣ್ಣದ ವಾಸನೆಯಲ್ಲಿ ಮನುಷ್ಯನ ವಾಸನೆ ಅವನಿಗೆಲ್ಲಿ ಸಿಗಬೇಕು? ಶಾಂತಾರಾಮ ಕತ್ತಿ ಬೀಸಿ ಕೂಗಿದ. ಮೇಜರ್ ಸರಪಳಿ ಕಿತ್ತುಕೊಂಡು ಹಾರಿ ಬಲಗೈ ಹಿಡಿದ. ಜನ ಸೇರಿ ಬಿಡಿಸಿದರು. ಗಾಯ ಆಗಿದೆ, ಇಲ್ಲವೆನ್ನುವುದಿಲ್ಲ. ದವಾಖಾನೆಯಲ್ಲಿ ಹೊಲಿಗೆ ಹಾಕಿ, ಹೊಟ್ಟೆಗೆ ಸೂಜಿ ಶುರು ಮಾಡಿದ್ದಾರೆ. ವಾಸಿಯಾಗುತ್ತದೆ.

ನನಗೆ ಮೈ ಉರಿಯುವುದು ಇದಕ್ಕಲ್ಲ. ಜವಳಿ ಅಂಗಡಿಯ ಸಂಗಯ್ಯ ಆ ಗದ್ದಲದಲ್ಲೇ ನನ್ನ ಕಟ್ಟೆ ಹತ್ತಿ ನಿಂತು, “ಅಕ್ಕಾರ, ಇದು ನಾಯಿ ಅಲ್ರಿ, ತೋಳದ ಬೀಜ ಐತಿ. ಇಂಥಾ ಜಾತಿ ಊರಾಗ ಇರಬಾರದು” ಎಂದು ಭಾಷಣ ಮಾಡಿದ. ಎರಡು ವರ್ಷದಿಂದ ಜೋಳದ ರೊಟ್ಟಿ, ಮಜ್ಜಿಗೆ ಉಂಡು, ಸೋಮವಾರ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಕೂತ ಪ್ರಾಣಿ ಒಂದೇ ಸಂಜೆಗೆ ತೋಳವಾಯಿತು!

ನಿನ್ನ ಕುಬುಸಕ್ಕೆ ಮೇ ತಿಂಗಳಲ್ಲಿ ಬಂದು ಹಾಗೇ ಹೆರಿಗೆಗೆ ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಲು ಹೇಳಿದ್ದೇನೆ. ಅಳಿಯಂದಿರಿಗೂ ಬೀಗತಿಗೂ ನನ್ನ ಶರಣು ತಿಳಿಸು.

ನಿನ್ನ ಅವ್ವ,
ಗುರುಶಾಂತವ್ವ


ಯಲ್ಲಾಪುರ
ತಾ. 12-3-1961

ಅವ್ವನ ಪಾದಗಳಿಗೆ ಶಾರದೆಯ ಶರಣು.

ನಿನ್ನ ಕಾಗದ ಬಂದಾಗ ಇವರು ಮನೆಯಲ್ಲೇ ಇದ್ದರು, ಓದಿದರು. ಕಟ್ಟಿಗೆ ಡಿಪೋದಿಂದ ಸಂಜೆ ಬರುವಾಗ ಯಾವುದೋ ಹಳೆಯ ವಾರಪತ್ರಿಕೆಯಿಂದ ಕತ್ತರಿಸಿದ ಚೂರು ತಂದು ನನ್ನ ಮುಂದೆ ಇಟ್ಟರು. ನಿನಗೆ ಗೊತ್ತಲ್ಲ, ಇವರಿಗೆ ಪತ್ರಿಕೆ ಕತ್ತರಿಸಿ ಇಡುವ ಚಟ. ಅದರಲ್ಲಿ ಆಲ್ಸೇಶಿಯನ್ ನಾಯಿಯ ಮೈಯಲ್ಲಿ ತೋಳದ ರಕ್ತವಿದೆ ಎಂದು ಕೆಲವರು ಹೇಳುತ್ತಾರೆಂದೂ, ಆಸ್ಟ್ರೇಲಿಯಾದಲ್ಲಿ ಆ ಜಾತಿಯ ನಾಯಿಯನ್ನು ಹೊರಗಿನಿಂದ ತರಬಾರದೆಂದು ಸರ್ಕಾರವೇ ತಡೆ ಹಾಕಿದೆಯೆಂದೂ ಬರೆದಿದೆ. ಅಲ್ಲ ಎನ್ನುವವರೂ ಇದ್ದಾರೆಂದು ಕೊನೆಯಲ್ಲಿ ಒಂದು ಸಾಲು ಇತ್ತು. ಅದನ್ನು ಇವರು ಓದಿ ಹೇಳಲಿಲ್ಲ, ನಾನೇ ಓದಿಕೊಂಡೆ.

ನನಗೆ ಆಸ್ಟ್ರೇಲಿಯಾ ಬೇಡ ಅವ್ವ, ನಿನ್ನ ಪಡಸಾಲೆಯೇ ಸಾಕು. ಹೋದ ದೀಪಾವಳಿಗೆ ಬಂದಾಗ ನಾನು ಮಿಂದು ಬಚ್ಚಲಿಂದ ಹೊರಗೆ ಬಂದರೆ ಅದು ಬಾಗಿಲಿಗೆ ಅಡ್ಡ ನಿಂತಿತ್ತು. ಬೊಗಳಲಿಲ್ಲ, ಹಲ್ಲು ತೋರಿಸಲಿಲ್ಲ, ಸುಮ್ಮನೆ ನೋಡುತ್ತಾ ನಿಂತಿತು. ನೀನು ಬಂದು ಕರೆಯುವವರೆಗೆ ಒದ್ದೆ ತಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದೆ. ನೀನು ನಕ್ಕೆ. “ಮನಿ ಮಗಳು ಅಂತ ಗುರ್ತ ಹಿಡ್ಯಾಕ ಹತ್ಯಾನ” ಎಂದೆ. ಗುರುತು ಹಿಡಿಯದಿದ್ದರೆ ಏನಾಗುತ್ತಿತ್ತು ಎಂದು ಈಗ ಯೋಚಿಸುತ್ತೇನೆ.

ಆ ನಾಯಿಯನ್ನು ಕೊಲ್ಲು ಎಂದು ನಾನು ಹೇಳುತ್ತಿಲ್ಲ. ಬನವಾಸಿಗೆ, ಮಡಿವಾಳಪ್ಪ ಮಾವನ ಹೊಲಕ್ಕೆ ಕಳಿಸಿಬಿಡು. ನಾನು ಮಗುವನ್ನು ಎತ್ತಿಕೊಂಡು ತಿರುಗಿ ಯಲ್ಲಾಪುರಕ್ಕೆ ಬರುವವರೆಗೆ ಅಲ್ಲಿರಲಿ. ಹಾಗಾದರೆ ಮಾತ್ರ ಕಳಿಸುತ್ತೇವೆ ಎಂದು ಅತ್ತೆಯೂ ಇವರೂ ಹೇಳಿದ್ದಾರೆ. ಮೊದಲ ಸಲದ ಹಾಗೆ ಈ ಸಲ ಆಗುವುದು ನನಗೆ ಬೇಡ.

ಕಾಲು ಸ್ವಲ್ಪ ಬಾತಿದೆ. ಉಳಿದಂತೆ ಆರಾಮ.

ನಿನ್ನ ಮಗಳು,
ಶಾರದಾ


ಸಿರ್ಸಿ
ತಾ. 19-3-1961

ಚಿ. ಸೌ. ಶಾರದೆಗೆ ಆಶೀರ್ವಾದ.

ಅಳಿಯಂದಿರಿಗೆ ಹೇಳು: ಆಸ್ಟ್ರೇಲಿಯಾದವರು ನನ್ನ ಖಾನಾವಳಿಗೆ ಊಟಕ್ಕೆ ಬರುವುದಿಲ್ಲ. ಬಂದ ದಿನ ಅವರನ್ನೂ ಕೇಳೋಣ. ಪತ್ರಿಕೆಯಲ್ಲಿ ಬಂದದ್ದೆಲ್ಲ ಖರೆ ಎನ್ನುವ ಮನುಷ್ಯನಿಗೆ ಮಗಳನ್ನು ಕೊಟ್ಟೆನಲ್ಲ ಎಂದು ನನಗೇ ನಗು ಬಂತು. ಆಮೇಲೆ ಸಿಟ್ಟು ಬಂತು.

ಇಲ್ಲಿ ಏನು ನಡೆದಿದೆ ಕೇಳು. ಓಣಿಯ ಹಿರಿಯರು ಮಠದ ಕಟ್ಟೆಯ ಮೇಲೆ ಕೂಡಿದ್ದರು. ನನ್ನನ್ನೂ ಕರೆಸಿದರು. ಸಂಗಯ್ಯ ಎದ್ದು ನಿಂತು ವಿಲಾಯತಿ ನಾಯಿಗಳ ಚರಿತ್ರೆ ಹೇಳಿದ. ಅವು ಹುಟ್ಟಿನಿಂದಲೇ ಕ್ರೂರಿಗಳಂತೆ, ಬ್ರಿಟಿಷರು ಕೈದಿಗಳ ಮೇಲೆ ಬಿಡಲು ಅವನ್ನು ತಂದರಂತೆ, ಅದಕ್ಕೇ ಆ ರಕ್ತದಲ್ಲೇ ಕಚ್ಚುವುದಿದೆಯಂತೆ. ನಾನು ಕೇಳಿದೆ, “ಸಂಗಯ್ಯನವರ, ನಿಮ್ಮ ಅಂಗಡಿ ಮುಂದಿನ ಕಂದು ನಾಯಿ ಹೋದ ವರ್ಷ ಅಂಚೆಯವನ್ನ ಕಚ್ಚಿತು, ಸಿದ್ದವ್ವನ ಮೊಮ್ಮಗನ್ನ ಕಚ್ಚಿತು, ನಿಮ್ಮ ಹೆಣ್ತೀನ್ನೂ ಕಚ್ಚಿತು. ಅದು ಯಾವ ದೇಶದಿಂದ ಬಂದೈತ್ರಿ?” ಅವನು ಹೇಳಿದ್ದು: “ಅದು ನಮ್ಮ ಊರಿನ ನಾಯಿ, ಅಕ್ಕಾರ. ಅದರ ಮಾತು ಬ್ಯಾರೆ.” ಕೂತವರೆಲ್ಲ ತಲೆಯಾಡಿಸಿದರು! ನನ್ನ ನಾಲಿಗೆ ಎಷ್ಟು ತುರಿಸಿತೆಂದರೆ, ಮಠದ ಕಟ್ಟೆ ಆಗಿರದಿದ್ದರೆ ಅವನ ವಂಶಾವಳಿಯನ್ನೂ ಸ್ವಲ್ಪ ಹೇಳಿಬಿಡುತ್ತಿದ್ದೆ.

ದನದ ಡಾಕ್ಟರರನ್ನೂ ಕೇಳಿ ಬಂದೆ. ನಾಯಿ ಯಾವ ಜಾತಿಯದಾದರೂ ಹೆದರಿದರೆ ಕಚ್ಚುತ್ತದೆ, ಮರಿಯಿಂದ ಹೇಗೆ ಸಾಕಿದ್ದಾರೆ ಎನ್ನುವುದು ಮುಖ್ಯ ಎಂದರು. ಹೇಳಿದೆನೋ ಇಲ್ಲವೋ? ಆಮೇಲೆ ಅದರ ತೂಕ, ದವಡೆ, ನನ್ನ ವಯಸ್ಸು ಎಂದು ಇನ್ನೂ ಏನೇನೋ ಹೇಳಿದರು. ಅಷ್ಟು ಹೊತ್ತಿಗೆ ಅನ್ನದ ಪಾತ್ರೆ ಇಳಿಸುವ ಹೊತ್ತಾಗಿತ್ತು, ನಾನು ಎದ್ದು ಬಂದೆ.

ಬನವಾಸಿಗೆ ಕಳಿಸು ಎನ್ನುತ್ತೀ. ಮಡಿವಾಳಪ್ಪ ಅವನನ್ನು ಶುಂಠಿ ಹೊಲದ ನಡುವೆ ಕಟ್ಟಿ ಹಾಕುತ್ತಾನೆ. ಹೋಗುವವರು ಬರುವವರು ಕಲ್ಲು ಹೊಡೆಯುತ್ತಾರೆ. ಆಗ ಅವನು ನಿಜವಾಗಿಯೂ ಕಚ್ಚುವ ನಾಯಿಯೇ ಆಗುತ್ತಾನೆ. ಅದೂ ಅಲ್ಲದೆ, ನಾಯಿ ಈ ಓಣಿ ದಾಟಿದ ದಿನ ಸಂಗಯ್ಯ ಪೇಢೆ ಹಂಚುತ್ತಾನೆ.

ಈ ನಾಯಿ ನನಗೆ ಯಾಕೆ ಬೇಕು ಎಂದು ನೀನು ಯಾವತ್ತೂ ಕೇಳಲಿಲ್ಲ. ಹೇಳುತ್ತೇನೆ. ನಿಮ್ಮಪ್ಪ ಹೋದ ಮೇಲೆ ಖಾನಾವಳಿ ಇಟ್ಟೆ. ಊಟಕ್ಕೆ ಬರುವವರು ಲಾರಿಯವರು, ಮರದ ನಾಟಾ ವ್ಯಾಪಾರಸ್ಥರು, ಬ್ಯಾರೆ ಬ್ಯಾರೆ ಊರಿನ ಗಂಡಸರು. ಊಟ ಮುಗಿದರೂ ಎಲೆಅಡಿಕೆ ಮೆಲ್ಲುತ್ತಾ ಏಳದೆ ಕೂರುತ್ತಿದ್ದರು. ಒಬ್ಬಾಕೆ ಇರ್ತೀರಿ, ಬೇಸರ ಬರೋದಿಲ್ಲೇನು ಎಂದು ಕೇಳುವವರು ಇದ್ದರು. ಹಿತ್ತಲ ಬಾಗಿಲು ಅಲ್ಲಾಡಿಸಿದವರೂ ಇದ್ದರು. ಅವರ ಹೆಸರು ನಾನು ಬರೆಯುವುದಿಲ್ಲ, ಅವರೆಲ್ಲ ಇದೇ ಊರಲ್ಲಿ ಮರ್ಯಾದೆಯಿಂದ ತಿರುಗುತ್ತಿದ್ದಾರೆ. ಫಾರೆಸ್ಟ್ ಸಾಹೇಬರು ವರ್ಗವಾಗಿ ಹೋಗುವಾಗ ಮೇಜರನನ್ನು ನನಗೆ ಬಿಟ್ಟು ಹೋದರು. ಅವನು ಆ ಪಡಸಾಲೆಯ ಕಂಬದ ಹತ್ತಿರ ಮಲಗಲು ಶುರು ಮಾಡಿದ ಮೇಲೆ ಎಲ್ಲರೂ ಉಂಡ ಕೂಡಲೇ ಕೈ ತೊಳೆದು ಹೊರಡುತ್ತಾರೆ. ಅವನ ಮುಖ ನೋಡಿದರೇ ಸಾಕು. ನಾನು ನೆಮ್ಮದಿಯಿಂದ ಮಲಗುವುದು ಆ ಮುಖದಿಂದ.

ಸುಣ್ಣ ಹೊಡೆದಾಗಿದೆ. ನೀನು ಬಾ. ಅವನು ನಿನ್ನ ಕೂದಲು ಮುಟ್ಟಿದರೆ ನನ್ನನ್ನು ಕೇಳು.

ನಿನ್ನ ಅವ್ವ,
ಗುರುಶಾಂತವ್ವ


ಯಲ್ಲಾಪುರ
ತಾ. 2-4-1961

ಅವ್ವನಿಗೆ ಶರಣು.

ಈ ಕಾಗದ ಇವರಿಗೆ ತೋರಿಸುತ್ತಿಲ್ಲ. ಇದು ಯಾವ ಪತ್ರಿಕೆಯಿಂದಲೂ ಕತ್ತರಿಸಿದ್ದಲ್ಲ, ನನ್ನ ಮಾತೇ.

ನಿನ್ನ ನಾಯಿ ಯಾರಿಗೂ ಏನೂ ಮಾಡುವುದಿಲ್ಲ ಎಂದು ಮೂರು ಪುಟ ಬರೆದಿದ್ದೀ. ಅದರ ಮುಖ ನೋಡಿ ಊರ ಗಂಡಸರೆಲ್ಲ ಹೆದರಿ ಏಳುತ್ತಾರೆ ಎಂದು ನಾಲ್ಕನೇ ಪುಟದಲ್ಲಿ ಬರೆದಿದ್ದೀ. ಜನ ಹೆದರಲಿ ಎಂದೇ ಅದನ್ನು ಸಾಕಿದ್ದೀ. ಹೆದರಿದರೆ ಸಿಟ್ಟು ಮಾಡುತ್ತೀ. ಸಂಗಯ್ಯ ಹೆದರಿದರೆ ಅವನು ಮೂರ್ಖ, ನಾನು ಹೆದರಿದರೆ ನಾನು ಗಂಡನ ಮಾತು ಕೇಳುವವಳು. ಯಾರು ಹೆದರಬೇಕು, ಯಾರು ಹೆದರಬಾರದು ಎಂದು ನಾಯಿಗೆ ಯಾರು ಹೇಳಿಕೊಡುತ್ತಾರೆ ಅವ್ವ?

ಶಾಂತಾರಾಮಣ್ಣನ ಕೈಗೆ “ಗಾಯ ಆಗಿದೆ, ವಾಸಿಯಾಗುತ್ತದೆ” ಎಂದು ಬರೆದೆಯಲ್ಲ. ಮಂಚಿಕೇರಿಗೆ ಕೊಟ್ಟ ಅವನ ಅಕ್ಕ ದುರ್ಗಿ ಮೊನ್ನೆ ಇಲ್ಲಿ ಸಂತೆಯಲ್ಲಿ ಸಿಕ್ಕಿದ್ದಳು. “ಹೆಬ್ಬೆರಳೂ ಅದ್ರ ಪಕ್ಕದ್ದೂ ಮಡಚೂದೇ ಇಲ್ಲ ಶಾರದಾ. ಕತ್ರಿ ಹಿಡಿಯೂಕೆ ಆಗೂದಿಲ್ಲ ಅಂತ ಗೋಡೆ ನೋಡ್ತಾ ಕೂತ್ಕಂಡಿದಾನೆ” ಎಂದು ಸಂತೆಯ ನಡುವೆ ನಿಂತು ಅತ್ತಳು. ಟೇಲರನಿಗೆ ಬಲಗೈ ಹೋದರೆ ಇನ್ನೇನು ಉಳಿಯಿತು? ಸಂಗಯ್ಯನ ಕಂದು ನಾಯಿ ಮೂರು ಜನರನ್ನು ಕಚ್ಚಿದೆ, ಸರಿ. ಆ ಮೂವರೂ ಮರುದಿನ ಎದ್ದು ಕೆಲಸಕ್ಕೆ ಹೋದರು. ನಿನ್ನದು ಒಬ್ಬನನ್ನು ಕಚ್ಚಿತು, ಅವನ ಕಸುಬೇ ಹೋಯಿತು. ಅದರಲ್ಲಿ ತೋಳದ ರಕ್ತ ಇದೆಯೋ ಇಲ್ಲವೋ ನನಗೆ ಬೇಡ. ಹಿಡಿದದ್ದನ್ನು ಬಿಡುವುದಿಲ್ಲ ಎನ್ನುವುದು ನನಗೆ ಸಾಕು. ಡಾಕ್ಟರರು ದವಡೆಯ ಮಾತು ಎತ್ತಿದಾಗ ನೀನು ಎದ್ದು ಬಂದೆ.

ಇನ್ನೊಂದು ಮಾತು. ಹೇಳಬಾರದು ಎಂದು ಮೂರು ವರ್ಷದಿಂದ ನುಂಗಿಕೊಂಡಿದ್ದೆ.

ಚೊಚ್ಚಲ ಹೆರಿಗೆಗೆ ಎಲ್ಲ ಹೆಣ್ಣುಮಕ್ಕಳೂ ತವರಿಗೆ ಹೋಗುತ್ತಾರೆ. ನನಗೆ ನೀನು, ಖಾನಾವಳಿ ಹೊಸದು, ಒಲೆ ಆರಬಾರದು, ನಿಮ್ಮ ಅತ್ತೆ ಇದ್ದಾರಲ್ಲ ಎಂದೆ. ಅತ್ತೆಗೆ ಆಗಲೇ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಹೆಸರಿಡುವ ಮೊದಲೇ ಮಗು ಹೋಯಿತು. ಆಮೇಲೆ ನಿನ್ನಿಂದ ಒಂದು ಕಾರ್ಡು ಬಂತು. “ಶಾರದೆಗೆ ಆಶೀರ್ವಾದ. ಸುದ್ದಿ ತಿಳಿಯಿತು. ಶಿವನ ಇಚ್ಛೆ. ಖಾನಾವಳಿ ಬಿಟ್ಟು ಬರಲು ಆಗುವುದಿಲ್ಲ. ಚೆನ್ನಾಗಿ ಉಣ್ಣು.” ಅಷ್ಟೇ. ಅರ್ಧ ಕಾರ್ಡು ಖಾಲಿ ಇತ್ತು.

ನಾಯಿಗಾಗಿ ಎರಡೂ ಮಗ್ಗುಲು ತುಂಬಿ ನಾಲ್ಕು ಪುಟ ಬರೆಯುತ್ತೀ. ನನ್ನ ಮಗುವಿಗೆ ಅರ್ಧ ಕಾರ್ಡು. ನಿನ್ನ ಸುಣ್ಣ ಹೊಡೆದ ಕೋಣೆಯಲ್ಲಿ ಆ ನಾಯಿಯನ್ನೇ ಮಲಗಿಸು. ನಾನು ಬರುವುದಿಲ್ಲ. ಇಲ್ಲೇ ಹೆರುತ್ತೇನೆ.

ಶಾರದಾ


ಸಿರ್ಸಿ
ತಾ. 6-4-1961

ಶಾರದೆಗೆ,

ನಿನ್ನ ಕಾಗದ ಮುಟ್ಟಿತು. ಬರುವುದಿಲ್ಲವಾದರೆ ಬಿಡು. ಬಾ ಬಾ ಎಂದು ಕಾಲು ಹಿಡಿಯುವವಳು ನಾನಲ್ಲ.

ಗುರುಶಾಂತವ್ವ


ಯಲ್ಲಾಪುರ
ತಾ. 28-4-1961

ಪೂಜ್ಯ ಅತ್ತೆಯವರಿಗೆ ಅಳಿಯ ಶಿವಲಿಂಗಪ್ಪನ ಶರಣುಗಳು.

ಹೆಂಗಸರ ಮಾತಿನ ನಡುವೆ ಬರುವುದು ನನ್ನ ಸ್ವಭಾವವಲ್ಲ. ಆದರೂ ನಾಯಿಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ತಾವು ತಪ್ಪಾಗಿ ತಿಳಿದಿದ್ದೀರಿ. ಆಲ್ಸೇಶಿಯನ್ ಬುದ್ಧಿವಂತ ಪ್ರಾಣಿಯೆಂದು ನಾನೂ ಒಪ್ಪುತ್ತೇನೆ. ಆ ಬಗ್ಗೆ ಒಂದು ಲೇಖನವನ್ನೂ ಕತ್ತರಿಸಿ ಇಟ್ಟಿದ್ದೇನೆ, ಬೇಕಾದರೆ ಕಳಿಸುತ್ತೇನೆ. ಆದರೆ ಪೋಲೀಸರ ಕೈಯಲ್ಲಿ ಇರಬೇಕಾದ ಪ್ರಾಣಿ ಊಟದ ಮನೆಯಲ್ಲಿ ಇದ್ದರೆ ಅದು ಪ್ರಾಣಿಯ ತಪ್ಪೂ ಅಲ್ಲ, ಜನರ ತಪ್ಪೂ ಅಲ್ಲ ಎಂಬುದು ನನ್ನ ವಾದ. ಇರಲಿ.

ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಶಾರದೆಯ ಕಾಲು ಬಾವು ಇಳಿದಿಲ್ಲ. ಇಲ್ಲಿನ ನರ್ಸಬಾಯಿ ಬಂದು ನೋಡಿ ಉಪ್ಪು ಬಿಡಿಸಿದ್ದಾಳೆ, ಬಸ್ಸಿನಲ್ಲಿ ಕೂರಬಾರದು ಎಂದಿದ್ದಾಳೆ. ನನ್ನ ತಾಯಿಗೆ ಕಣ್ಣು ಈಗ ಪೂರ್ತಿ ಮಂಜಾಗಿದೆ. ನಾನು ಡಿಪೋದಿಂದ ಬಂದು ಅನ್ನ ಬೇಯಿಸುತ್ತೇನೆ. ನನ್ನ ಅನ್ನವನ್ನು ಅವಳು ಉಣ್ಣುವುದಿಲ್ಲ, ಉಂಡ ಹಾಗೆ ಮಾಡುತ್ತಾಳೆ.

ಮೊದಲ ಮಗು ಹೋದಾಗ ಅಂಚೆಯವನ ಹೊತ್ತಾದರೆ ಅವಳು ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ತಮ್ಮ ಕಾರ್ಡು ಬಂದ ಮೇಲೂ ಬಹಳ ದಿನ ಹಾಗೇ ನಿಲ್ಲುತ್ತಿದ್ದಳು. ಇದನ್ನು ತಮಗೆ ಯಾರೂ ಹೇಳಿರಲಾರರು. ಅದಕ್ಕಾಗಿ ಬರೆದೆ. ನಾನು ಬರೆದದ್ದು ಅವಳಿಗೆ ಗೊತ್ತಿಲ್ಲ.

ತಮ್ಮ ವಿಧೇಯ,
ಶಿವಲಿಂಗಪ್ಪ


ಸಿರ್ಸಿ
ತಾ. 7-5-1961

ಚಿ. ಸೌ. ಶಾರದೆಗೆ ಅವ್ವನ ಆಶೀರ್ವಾದ.

ನೀನು ಈ ಕಾಗದ ಹರಿದು ಹಾಕುವ ಮೊದಲು ಪೂರ್ತಿ ಓದು. ನನಗೂ ಸಿಟ್ಟು ಇಳಿದಿಲ್ಲ, ನಿನಗೂ ಇಳಿದಿರಲಾರದು. ಇಬ್ಬರೂ ಸಿಟ್ಟಿನಲ್ಲೇ ಇರೋಣ, ಆದರೆ ಒಂದೇ ಮನೆಯಲ್ಲಿ.

ಹೋದ ವಾರ ಶಾಂತಾರಾಮ ಖಾನಾವಳಿಗೆ ಬಂದ. ಪಟ್ಟಿ ಬಿಚ್ಚಿದ್ದರು. ಕೈ ನೋಡಿದೆ. ದುರ್ಗಿ ಹೇಳಿದ್ದಕ್ಕಿಂತ ಹೆಚ್ಚೇ ಇದೆ. ಅವನಿಗೆ ಮೇಜರನ ಮೇಲೆ ಸಿಟ್ಟಿಲ್ಲ. “ಆ ವೇಷದಾಗೆ ನನ್ನ ಅಬ್ಬೆನೇ ನನ್ನ ಗುರ್ತ ಹಿಡೀಲಿಲ್ಲ, ಪಾಪ ಅದಕ್ಕೆಂತ ಗೊತ್ತಾಗ್ತದೆ ಅಮ್ಮಾ” ಎಂದ. ಎಡಗೈಯಲ್ಲಿ ರೊಟ್ಟಿ ಹಿಡಿದು ಅವನ ಹತ್ತಿರ ಹೋದ. ಏನೂ ಆಗುವುದಿಲ್ಲ ಹೋಗು ಎಂದು ನಾನು ಬಾಯಲ್ಲಿ ಹೇಳುತ್ತಿದ್ದೆ. ಆದರೆ ಸರಪಳಿಯನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು, ಕಾಲನ್ನು ಕಂಬಕ್ಕೆ ಒತ್ತಿ ಹಿಡಿದು ನಿಂತಿದ್ದೆ. ಮೇಜರ್ ಬಾಲ ಆಡಿಸಿ ರೊಟ್ಟಿ ತಿಂದ, ಅವನ ಕೈ ನೆಕ್ಕಿದ. ಶಾಂತಾರಾಮ ಹೋದ ಮೇಲೆ ನೋಡಿದರೆ ನನ್ನ ಅಂಗೈಯಲ್ಲಿ ಸರಪಳಿಯ ಗುರುತು ಮೂಡಿತ್ತು. ಮೇಜರ್ ಎಳೆದಿರಲಿಲ್ಲ. ನಾನೇ ಹಾಗೆ ಹಿಡಿದಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹಾಗೆಂದು ಸಂಗಯ್ಯನ ಮಾತು ನಾನು ಒಪ್ಪಿದೆನೆಂದು ತಿಳಿಯಬೇಡ. ಹುಟ್ಟಿನಿಂದ ಕೆಟ್ಟದ್ದು ಎನ್ನುವ ಮಾತನ್ನು ಸಾಯುವವರೆಗೂ ಒಪ್ಪುವುದಿಲ್ಲ. ಆದರೆ ನಿನ್ನ ಮಗುವಿದ್ದ ಮನೆಯಲ್ಲಿ ನಾನು ದಿನವಿಡೀ ಹಾಗೆ ಸರಪಳಿ ಹಿಡಿದು ನಿಲ್ಲಲಾರೆ.

ಆದ್ದರಿಂದ ನೀನು ಇಲ್ಲಿಗೆ ಬರುವುದು ಬೇಡ, ನಾನೇ ಅಲ್ಲಿಗೆ ಬರುತ್ತೇನೆ. ಕುಬುಸ, ಹೆರಿಗೆ, ಬಾಣಂತನ ಎಲ್ಲ ಅಲ್ಲೇ. ಬೀಗರ ಮನೆಯಲ್ಲಿ ಹೆಣ್ಣು ಹೆತ್ತವಳು ತಿಂಗಳುಗಟ್ಟಲೆ ಠಿಕಾಣಿ ಹೂಡಿದಳು ಎಂದು ನಗುವವರು ನಗಲಿ. ನಿಮ್ಮ ಅತ್ತೆಗೂ ನಾನೇ ಕೈತುತ್ತು ಮಾಡಿ ಹಾಕುತ್ತೇನೆ. ಖಾನಾವಳಿಯ ಒಲೆ ನಿನ್ನೆ ಆರಿಸಿದೆ. ಬಾಗಿಲಿಗೆ ಹಲಗೆ ತೂಗು ಹಾಕಿದ್ದೇನೆ. ಮೇಜರ್ ಹಿತ್ತಲಲ್ಲಿ ಇರುತ್ತಾನೆ. ಸುತ್ತ ಗೋಡೆಯಿದೆ, ಗೇಟಿಗೆ ಬೀಗವಿದೆ, ಬೀಗದ ಕೈ ಶಾಂತಾರಾಮನ ಹತ್ತಿರ. ಕೇಳದೆಯೇ ತಾನು ನೋಡಿಕೊಳ್ಳುತ್ತೇನೆ ಎಂದ.

ಬುಧವಾರದ ಬಸ್ಸಿಗೆ ಹೊರಡುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಜಗಲಿಯ ಮೇಲೆ ಕೂರುತ್ತೇನೆ. ನಿನ್ನ ಸಿಟ್ಟು ನನ್ನದೇ, ಎಷ್ಟು ಹೊತ್ತು ಉರಿಯುತ್ತದೆ ಎಂದು ನನಗೆ ಗೊತ್ತು. ಉಪ್ಪಿಲ್ಲದ ಅಡಿಗೆಯನ್ನೂ ರುಚಿಯಾಗಿ ಮಾಡಲು ಬರುತ್ತದೆ ನನಗೆ.

ನಿನ್ನ ಅವ್ವ,
ಗುರುಶಾಂತವ್ವ


ಸಿರ್ಸಿ
ತಾ. 12-7-1961

ಶಾರದಕ್ಕನಿಗೆ ಶಾಂತಾರಾಮನ ನಮಸ್ಕಾರಗಳು.

ಎಡಗೈಯಲ್ಲಿ ಬರೆದ ಅಕ್ಷರ, ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿ. ಗಂಡು ಮಗು ಆಯಿತೆಂದು, ನೀವಿಬ್ಬರೂ ಆರಾಮ ಇದ್ದೀರೆಂದು ದುರ್ಗಿ ಅಕ್ಕ ಹೇಳಿ ಕಳಿಸಿದಳು. ನಮ್ಮ ಮನೆಯಲ್ಲಿ ಎಲ್ಲರಿಗೂ ಖುಷಿಯಾಯಿತು. ಅಮ್ಮನಿಗೆ ಬರೆಯಬೇಕಾದ್ದನ್ನು ನಿಮಗೆ ಬರೆಯುತ್ತಿದ್ದೇನೆ. ಅವರಿಗೆ ಬರೆಯಲು ನನಗೆ ಧೈರ್ಯ ಬರಲಿಲ್ಲ.

ಮೇಜರ್ ಇಲ್ಲ. ಭಾನುವಾರ ಬೆಳಿಗ್ಗೆ ಗುಂಡು ಹೊಡೆದರು.

ಅಮ್ಮ ಹೋದ ಮೇಲೆ ಅವನು ಸರಿಯಾಗಿ ಉಣ್ಣುತ್ತಿರಲಿಲ್ಲ, ಗೇಟಿನ ಹತ್ತಿರ ಕೂತು ಊಳಿಡುತ್ತಿದ್ದ. ತೋಳದ ದನಿ ಬಂತು ನೋಡಿ ಎಂದು ಸಂಗಯ್ಯನವರು ಓಣಿಗೆಲ್ಲ ಹೇಳಿದರು. ಹುಚ್ಚು ಹಿಡಿದಿದೆ ಎಂದು ಆಮೇಲೆ ಸುದ್ದಿಯಾಯಿತು. ಹುಚ್ಚಿಲ್ಲ, ಯಜಮಾನತಿ ಇಲ್ಲದ್ದಕ್ಕೆ ಎಂದು ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಶನಿವಾರ ಸಂಗಯ್ಯನವರೇ ನಮ್ಮ ಮನೆಗೆ ಬಂದರು. “ಬನವಾಸಿಯಿಂದ ಮಡಿವಾಳಪ್ಪ ಗಾಡಿ ಕಳಿಸ್ಯಾನ, ನಾಯೀನ್ನ ಹೊಲಕ್ಕ ಒಯ್ಯತಾರ. ನೀ ಹಿಡಕೊಂಡು ಕೆರಿ ತನಕ ಬಾ, ನಿನ್ನ ಮಾತು ಕೇಳತೈತಿ ಅದು” ಎಂದರು. ನಾನು ನಂಬಿದೆ. ಒಳ್ಳೆಯದೇ ಆಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಗೇಟಿನ ಬೀಗ ತೆಗೆದೆ. ಅವನು ಹೊರಗೆ ಹೋಗುವ ಸಂಭ್ರಮದಲ್ಲಿ ಕುಣಿಯುತ್ತಾ ಬಂದ. ಕೆರೆಯ ಹತ್ತಿರದ ಮರಕ್ಕೆ ಕಟ್ಟು, ಗಾಡಿ ಈಗ ಬರುತ್ತದೆ ಎಂದರು. ಒಂದೇ ಕೈಯಲ್ಲಿ ಗಂಟು ಹಾಕಲು ನನಗೆ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಕುತ್ತಿಗೆ ಕೊಟ್ಟು ಅಲುಗಾಡದೆ ನಿಂತಿದ್ದ. ಕಟ್ಟಿ ಈಚೆ ಬಂದೆ. ಮರದ ಆಚೆಯಿಂದ ಒಬ್ಬ ಕೋವಿ ಹಿಡಿದುಕೊಂಡು ಬಂದ. ಯಾವ ಊರಿನವನೋ, ನಾನು ಅವನನ್ನು ನೋಡಿದವನಲ್ಲ.

ನಾನು ಕಿರುಚಿಕೊಂಡೆ. ಸಂಗಯ್ಯನವರು ನನ್ನ ಹೆಗಲ ಮೇಲೆ ಕೈ ಇಟ್ಟು, “ಎಲ್ಲಾ ನಿನ್ನ ಕೈ ಸಲುವಾಗೇ ಮಾಡಿದ್ದೋ ತಮ್ಮಾ” ಎಂದರು. ಕಚ್ಚಿಸಿಕೊಂಡವನು ನಾನು, ಅಕ್ಕಾ. ಒಬ್ಬರಾದರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಕೊಲ್ಲಲು ಕಟ್ಟಿ ಕೊಡುವುದಕ್ಕೆ ಮಾತ್ರ ನನ್ನನ್ನು ಕರೆದರು.

ಹಿತ್ತಲಲ್ಲಿ ಹೂಳಿದ್ದೇನೆ. ಅಮ್ಮನಿಗೆ ಹೇಗೆ ಹೇಳಬೇಕೋ ನೀವೇ ಹೇಳಿ.

ಶಾಂತಾರಾಮ


ಯಲ್ಲಾಪುರ
ತಾ. 16-7-1961

ಸಂಗಯ್ಯನವರಿಗೆ,

ನಾನು ಖಾನಾವಳಿಯ ಗುರುಶಾಂತವ್ವನ ಮಗಳು ಶಾರದಾ. ನಿಮ್ಮಂಥ ಹಿರಿಯರಿಗೆ ಶರಣು ಎಂದು ಬರೆದು ಶುರು ಮಾಡಬೇಕು. ಕೈ ಬರುತ್ತಿಲ್ಲ, ಬರೆಯುವುದಿಲ್ಲ.

ಆ ನಾಯಿ ಮನೆಯಲ್ಲಿ ಇರಬಾರದು ಎಂದು ಮೊದಲು ಹಟ ಹಿಡಿದವಳು ನಾನೇ. ಅದಕ್ಕಾಗಿ ಹೆತ್ತ ತಾಯಿಯೊಂದಿಗೆ ಜಗಳ ಮಾಡಿದ್ದೇನೆ. ಅಂಥ ದವಡೆಯ ನಾಯಿ ಜನರ ನಡುವೆ ಸಡಿಲ ಸರಪಳಿಯಲ್ಲಿ ಇರಬಾರದು ಎಂದು ಇವತ್ತೂ ಹೇಳುತ್ತೇನೆ. ಅದಕ್ಕೇ ಅವ್ವ ಅದನ್ನು ಗೋಡೆಯ ಒಳಗೆ ಬೀಗ ಹಾಕಿ ಇಟ್ಟು ಬಂದಳು. ಎರಡು ತಿಂಗಳು ಯಾರನ್ನಾದರೂ ಕಚ್ಚಿತೇ? ಬೀಗ ತೆಗೆಸಿದವರು ನೀವು. ಬೀದಿಗೆ ತಂದವರು ನೀವು. ನಿಮಗೆ ಅಷ್ಟು ಹೆದರಿಕೆ ಇದ್ದಿದ್ದರೆ ಓಣಿಯ ನಡುವೆ ಅದನ್ನು ನಡೆಸಿಕೊಂಡು ಹೋಗುತ್ತಿರಲಿಲ್ಲ. ಅದು ಸಾಧು ಎಂದು ನಿಮಗೆ ಚೆನ್ನಾಗಿ ಗೊತ್ತಿತ್ತು. ಸಾಧು ಎನ್ನುವ ಧೈರ್ಯದ ಮೇಲೆಯೇ ಅದನ್ನು ಮರಕ್ಕೆ ಕಟ್ಟಿಸಿದಿರಿ.

ಅವ್ವ ಊರಲ್ಲಿ ಇದ್ದಾಗ ಯಾಕೆ ಬರಲಿಲ್ಲ? ಅವಳ ಎದುರು ನಿಂತು, ನಿನ್ನ ನಾಯಿಯನ್ನು ಕೊಲ್ಲುತ್ತೇವೆ ಎಂದು ಹೇಳುವ ಗಂಡಸು ಆ ಓಣಿಯಲ್ಲಿ ಒಬ್ಬನೂ ಇರಲಿಲ್ಲವೇ? ಮಗಳ ಬಾಣಂತನಕ್ಕೆ ಹೋದವಳ ಬೆನ್ನ ಹಿಂದೆ ಮಾಡಿದಿರಿ. ನನ್ನ ಮಾವ ಗಾಡಿ ಕಳಿಸಿದ ಎಂದು ಸುಳ್ಳು ಹೇಳಿದಿರಿ. ಯಾರ ಕೈ ಹೋಯಿತೋ ಅವನ ಉಳಿದ ಕೈಯಿಂದಲೇ ಕಟ್ಟಿಸಿದಿರಿ. ಆ ಮನುಷ್ಯ ಇನ್ನು ಬದುಕಿರುವವರೆಗೂ ಅದನ್ನು ಮರೆಯುವುದಿಲ್ಲ. ಅವನ ಸಲುವಾಗಿ ಮಾಡಿದೆವು ಎಂದು ಇನ್ನೊಮ್ಮೆ ಹೇಳಿದರೆ ನಾನೇ ಬಂದು ಮಠದ ಕಟ್ಟೆಯ ಮೇಲೆ ನಿಮ್ಮನ್ನು ಕೇಳುತ್ತೇನೆ.

ತೋಳದ ಬೀಜ ಎಂದಿರಿ. ನನಗೆ ನಾಯಿಯ ವಂಶ ಗೊತ್ತಿಲ್ಲ. ನನ್ನ ಗಂಡ ಅದರ ಬಗ್ಗೆ ಪತ್ರಿಕೆ ಕತ್ತರಿಸಿ ಇಟ್ಟುಕೊಂಡಿದ್ದರು. ಶಾಂತಾರಾಮಣ್ಣನ ಕಾಗದ ಓದಿದ ಮೇಲೆ ಅವರೇ ಅದನ್ನೆಲ್ಲ ಒಲೆಗೆ ಹಾಕಿದರು.

ಖಾನಾವಳಿ ಬರುವ ತಿಂಗಳು ತೆರೆಯುತ್ತದೆ. ಹಿತ್ತಲ ಬಾಗಿಲಿಗೆ ಕಬ್ಬಿಣದ ಅಗುಳಿ ಹಾಕಿಸಲು ನನ್ನ ಗಂಡ ಬರುತ್ತಾರೆ. ಮಗುವಿಗೆ ಮೂರು ತಿಂಗಳಾಗುವವರೆಗೆ ಅವ್ವನ ಜೊತೆ ನಾನೂ ಅಲ್ಲೇ ಇರುತ್ತೇನೆ. ಊಟ ಮುಗಿದ ಮೇಲೆ ಏಳದೆ ಕೂರುವವರನ್ನು ಎಬ್ಬಿಸಲು ಇನ್ನು ನಾನಿದ್ದೇನೆ ಎಂದು ಓಣಿಯಲ್ಲಿ ಯಾರಿಗೆ ಹೇಳಬೇಕೋ ಅವರಿಗೆ ಹೇಳಿ.

ಅವ್ವನಿಗೆ ಇನ್ನೂ ಗೊತ್ತಿಲ್ಲ. ಬಚ್ಚಲಲ್ಲಿ ಕಾಲು ಚಾಚಿ ಕೂತು ಮಗುವಿಗೆ ನೀರು ಹಾಕುತ್ತಿದ್ದಾಳೆ. ಊರಿಗೆ ಹೋದ ಕೂಡಲೇ ಮೇಜರನಿಗೆ ಇವನನ್ನು ದೂರದಿಂದ ತೋರಿಸುತ್ತೇನೆ, ದೂರದಿಂದಲೇ ತೋರಿಸುತ್ತೇನೆ ನೀನು ಹೆದರಬೇಡ ಎಂದು ನನಗೆ ಕೂಗಿ ಹೇಳುತ್ತಿದ್ದಾಳೆ. ಹೂಂ ಎಂದೆ. ಮಗುವನ್ನು ಅವಳ ಕೈಯಿಂದ ತೆಗೆದುಕೊಂಡ ಮೇಲೆ ಹೇಳುತ್ತೇನೆ.

ಶಾರದಾ